ಹುಳಕ್ಕೆ ಸಿಕ್ಕ ನಿದ್ದೆ

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಜ್ವರಕ್ಕೆ ಕೂತರೆ ಒಲೆಯ ಮೇಲೆ ಒಗ್ಗರಣೆ ಸಿಡಿಸುವ ಹಾಗಿರಲಿಲ್ಲ. ಜ್ವರ ಎಂದರೆ ಇಲ್ಲಿ ಕಾಯಿಲೆಯಲ್ಲ. ಹುಳ ಬೆಳೆಯುವಾಗ ನಾಲ್ಕು ಸಲ ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ನಿದ್ದೆ ಹೋಗುತ್ತದೆ. ಏಳುವಾಗ ಹಳೆಯ ಚರ್ಮ ಕಳಚಿರುತ್ತದೆ. ಆ ನಿದ್ದೆಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಹುಳದ ಮನೆಯ, ಎಂದರೆ ಹುಳ ಸಾಕುವ ಒಳಕೋಣೆಯ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಹೊರಗಿನವರು ಒಳಗೆ ಬರುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ, ಹುಳವಿರುವ ಬಿದಿರಿನ ತಟ್ಟೆ ಮುಟ್ಟುವ ಹಾಗಿಲ್ಲ. ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ನಮ್ಮತ್ತೆ ಚಿಕ್ಕತಾಯಮ್ಮ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದರು. "ಮಲ್ಗವೆ, ಒಸಿ ಮೆಲ್ಲಗೆ!"

ಅದೇ ಮನೆಯಲ್ಲಿ, ಅದೇ ಹೊತ್ತಿನಲ್ಲಿ, ಹುಳದ ಮನೆಯ ಗೋಡೆಯ ಈಚೆ ಪಡಸಾಲೆಯಲ್ಲಿ ನಾನೂ ಮಲಗಿರುತ್ತಿದ್ದೆ. ರಾಮನಗರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ರಾತ್ರಿಯಿಡೀ ನಿಂತು, ಬೆಳಗಿನ ಬಸ್ಸಿಗೆ ನಮ್ಮೂರು ಬೈರಾಪಟ್ಟಣಕ್ಕೆ ಬಂದು, ಒಂದು ಲೋಟ ಕಾಫಿ ಕುಡಿದು ಮಲಗಿದವಳು ನಾನು. ನನಗೆ ಬೇವಿನ ಸೊಪ್ಪೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಹಾಲಿನವನು ಬಂದರೆ ನಾನೇ ಏಳಬೇಕು. ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಕರೆಯಲು ಬಂದರೆ ನಾನೇ ಏಳಬೇಕು. ಊರಿನ ಯಾರಿಗೋ ತಲೆ ಸುತ್ತು ಬಂದರೆ, "ನರ್ಸಮ್ಮ ಮನೇಲವ್ಳೆ" ಎಂದು ಸೀದಾ ನನ್ನ ಮಂಚಕ್ಕೇ ಬರುತ್ತಿದ್ದರು. ಕಿಟಕಿಗೊಂದು ಪರದೆ ಹಾಕಿಸಿ ಎಂದು ಯಜಮಾನರನ್ನು ಕೇಳಿ ಕೇಳಿ ಬಾಯಿ ಬತ್ತಿತ್ತು. "ಹಾಕ್ಸೋಣ ಬುಡು" ಎನ್ನುತ್ತಿದ್ದರು. ಅವರ ಹೆಸರು ಕೃಷ್ಣೇಗೌಡ. ಕೆಟ್ಟವರಲ್ಲ. ಆ 'ಹಾಕ್ಸೋಣ ಬುಡು' ಎನ್ನುವ ಮಾತನ್ನು ಮಾತ್ರ ನಾನು ಇವತ್ತಿಗೂ ಕ್ಷಮಿಸಿಲ್ಲ.

ನನಗೆ ಕ್ಯಾನ್ಸರ್ ಬಂದು, ಹೋಗಿ, ಈಗ ಕೆಲವು ವರ್ಷಗಳಾದವು. ಬದುಕಿದ್ದೀಯಲ್ಲ, ಇನ್ನೂ ಯಾಕೆ ಸಿಟ್ಟು ಎಂದು ಕೇಳುವವರಿದ್ದಾರೆ. ಬದುಕಿದ್ದೇನಲ್ಲ, ಅದಕ್ಕೇ ಸಿಟ್ಟು ಮಾಡಲು ಆಗುತ್ತಿದೆ.

ನಾನು ಕೆಲಸಕ್ಕೆ ಸೇರಿದಾಗ ನರ್ಸಿಂಗ್ ಹೋಮು ಚಿಕ್ಕದು. ಹೆರಿಗೆ, ಜ್ವರ, ಹಾವು ಕಚ್ಚಿದ್ದು, ಇಷ್ಟೇ. ಆಮೇಲೆ ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೆ ಒಂದು ಎದ್ದವು. ಹಿಪ್ಪುನೇರಳೆ ತೋಟವಿದ್ದ ಕಡೆ ತಗಡಿನ ಶೆಡ್ಡುಗಳು ಬಂದವು, ಮೈಸೂರು ರಸ್ತೆ ಅಗಲವಾಯಿತು, ರಾತ್ರಿ ಹಗಲು ಎನ್ನದೆ ಶಿಫ್ಟಿನ ಬಸ್ಸುಗಳು ಓಡಾಡಿದವು. ಮಿಷನ್ನಿಗೆ ಬೆರಳು ಕೊಟ್ಟವರು, ಶಿಫ್ಟ್ ಮುಗಿಸಿ ತೂಕಡಿಸುತ್ತ ಬೈಕಿನಿಂದ ಬಿದ್ದವರು ನಮ್ಮಲ್ಲಿಗೆ ಬರತೊಡಗಿದರು. ನರ್ಸಿಂಗ್ ಹೋಮಿಗೆ ಎರಡನೇ ಮಹಡಿ ಎದ್ದಿತು. ರಾತ್ರಿಗೆ ಕೈ ಪಳಗಿದವರೊಬ್ಬರು ಬೇಕಾಯಿತು. ಹುಡುಗಿಯರು ಒಪ್ಪಲಿಲ್ಲ. ಮಾಲೀಕರಾದ ದೊಡ್ಡ ಡಾಕ್ಟರು ನನ್ನನ್ನು ಕರೆದು, "ಲೀಲಾವತಿ, ನಿಮ್ಮ ಮಗಳು ಮಂಡ್ಯದಲ್ಲಿ ಹಾಸ್ಟೆಲ್ಲಿನಲ್ಲಿದ್ದಾಳೆ. ಮನೆಯಲ್ಲಿ ಅತ್ತೆ ಇದ್ದಾರೆ. ನಿಮಗೇನು ತೊಂದರೆ? ಸ್ವಲ್ಪ ದಿನ ನೋಡಿಕೊಳ್ಳಿ" ಎಂದರು. ಆ ಸ್ವಲ್ಪ ದಿನ ವರ್ಷಗಳಾದವು. ರಾತ್ರಿ ಎಂಬುದು ನನ್ನ ಹೆಸರಿನ ಜೊತೆ ಅಂಟಿಕೊಂಡಿತು. ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು 'ನೈಟ್ ಲೀಲಕ್ಕ' ಎಂದೇ ಕರೆಯುತ್ತಿದ್ದರು.

ಹಗಲು ನಿದ್ದೆ ನಿದ್ದೆಯಲ್ಲ. ಮಾಡಿದವರಿಗೆ ಗೊತ್ತು. ಕಣ್ಣು ಹತ್ತುತ್ತದೆ, ಮೈ ಹತ್ತುವುದಿಲ್ಲ. ಎದ್ದಾಗ ಬಾಯೆಲ್ಲ ಕಹಿ, ಮಧ್ಯಾಹ್ನವೋ ಸಂಜೆಯೋ ತಿಳಿಯದು. ಮುಟ್ಟು ಹೇಗೆಂದರೆ ಹಾಗೆ ಆಯಿತು, ಹಸಿವು ಹೊತ್ತಲ್ಲದ ಹೊತ್ತಿಗೆ ಬರುತ್ತಿತ್ತು. ಅಂಥ ನಿದ್ದೆಗೂ ಊರಿಗೆ ಹೊಟ್ಟೆಕಿಚ್ಚು. "ನಿಂಗೇನವ್ವ, ಹಗಲೆಲ್ಲ ಮಲಗ್ತೀಯ. ಚಿಂತೆ ಇಲ್ದೋರ್ಗೆ ಸಂತೇಲೂ ನಿದ್ದೆ" ಎಂದು ಗಾದೆ ಬೇರೆ. ಅತ್ತೆಯಂತೂ ಹೊಸಿಲ ಮೇಲೆ ಕೂತು ಸೊಪ್ಪು ಕತ್ತರಿಸುತ್ತ, ನನಗೆ ಕೇಳಿಸುವಷ್ಟೇ ಗಟ್ಟಿಯಾಗಿ ಹೇಳುತ್ತಿದ್ದರು: "ಹೊತ್ತು ನೆತ್ತಿಗ್ ಬಂದ್ರೂ ಹೆಣ್ಣೆಂಗ್ಸು ಮಲ್ಗಿದ್ರೆ ಆ ಮನೇಗೆ ಲಕ್ಷ್ಮಿ ಬಂದಾಳಾ?" ಲಕ್ಷ್ಮಿಯ ವಿಷಯ ನನಗೆ ಗೊತ್ತಿಲ್ಲ. ಬಂದದ್ದು ಗಂಟು.

ಸ್ನಾನ ಮಾಡುವಾಗ ಎಡ ಎದೆಗೆ ಕೈ ತಾಗಿತು. ಒಣಗಿದ ಹುರುಳಿಕಾಳಿಗಿಂತ ಸ್ವಲ್ಪ ದಪ್ಪ, ನೋವಿಲ್ಲ, ಜಾರುವುದೂ ಇಲ್ಲ. ನಾನು ನರ್ಸು. ನೋವಿಲ್ಲದ ಗಂಟು ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸೀರೆ ಸುತ್ತಿಕೊಂಡು, ಒದ್ದೆ ತಲೆಯಲ್ಲೇ ತೋಟಕ್ಕೆ ಹೋಗಿ ಯಜಮಾನರಿಗೆ ಹೇಳಿದೆ. ಅವರ ಕೈಯಲ್ಲಿ ಸೊಪ್ಪಿನ ಹೊರೆ. ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಆ ಹೊತ್ತಿನಲ್ಲಿ ಹುಳ ಎಷ್ಟು ಹಾಕಿದರೂ ತಿನ್ನುತ್ತವೆ. ಮನೆಮಂದಿಯೆಲ್ಲ ಸೊಪ್ಪಿನ ಹಿಂದೆಯೇ ಓಡುವ ಕಾಲ ಅದು.

ಅವರ ಮುಖ ಬಿಳಿಚಿಕೊಂಡಿತು, ಅದು ನಿಜ. ಆದರೆ ಬಾಯಿಂದ ಬಂದ ಮಾತು ಇದು: "ಹುಳ ಹಣ್ಣಾಗ್ಲಿ ಕಣಮ್ಮಿ. ಚಂದ್ರಿಕೆಗ್ ಬುಟ್ಬುಟ್ಟು ಮಾರನೇ ದಿನ್ವೇ ಹೋಗಮ. ಇಷ್ಟ್ ದಿನ ಇದ್ದದ್ದು ಇನ್ನೊಂದ್ ವಾರ್ದಲ್ಲಿ ಏನಾದಾತು?"

ಹುಳ ಹಣ್ಣಾಗಿ, ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟುವವರೆಗೂ ನಮ್ಮ ಕಡೆ ಮದುವೆಯನ್ನೂ ಮುಂದೂಡುತ್ತಾರೆ. ಅವರು ಹೇಳಿದ್ದು ಕ್ರೌರ್ಯದಿಂದಲ್ಲ, ರೂಢಿಯಿಂದ. ರೂಢಿ ಎಂದರೆ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ. ಕ್ರೂರಿಯನ್ನಾದರೂ ಬೈಯಬಹುದು. "ನೀವು ಹುಳ ನೋಡ್ಕಳಿ" ಎಂದಷ್ಟೇ ಹೇಳಿ ಮನೆಗೆ ಬಂದು, ತಲೆ ಬಾಚಿಕೊಂಡು, ಒಬ್ಬಳೇ ಬೆಂಗಳೂರಿನ ಬಸ್ಸು ಹತ್ತಿದೆ. ಬಿಡದಿ ದಾಟುವಾಗ ಶಿಫ್ಟ್ ಬಿಟ್ಟ ಹುಡುಗರು ಕಿಟಕಿಗೆ ತಲೆ ಕೊಟ್ಟು ಬಾಯಿ ಬಿಟ್ಟುಕೊಂಡು ಮಲಗಿದ್ದ ಬಸ್ಸೊಂದು ಎದುರಾಯಿತು. ಅವತ್ತು ಆ ಹುಡುಗರನ್ನು ನೋಡಿ ನನಗೆ ಅಳು ಬಂತು. ನನಗಾಗಿ ಅಲ್ಲಿಯವರೆಗೆ ಬಂದಿರಲಿಲ್ಲ.

ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು, ಗಂಟಿನ ಚೂರು ತೆಗೆದರು, ಕಾಯಿಸಿದರು. ಕಾಯುವುದರ ಬಗ್ಗೆ ಏನು ಹೇಳಲಿ? ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ಓದುತ್ತಿರುತ್ತೇವೆ. ಒಳಗೆ ಹೋದವರು ಹೊರಗೆ ಬರುವಾಗ ಸೆರಗು ಎಲ್ಲಿದೆ ಎಂದು ನೋಡುತ್ತೇವೆ. ಬಾಯಿಗೆ ಹೋಗಿದ್ದರೆ ಕೆಟ್ಟ ಸುದ್ದಿ. ನಾನು ಹೊರಗೆ ಬಂದಾಗ ಬೇಕೆಂತಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ.

ಒಳಗಿದ್ದ ಡಾಕ್ಟರು ಹೆಂಗಸು. ವಯಸ್ಸು ನನ್ನಷ್ಟೇ, ಕಣ್ಣ ಕೆಳಗೆ ನನ್ನಷ್ಟೇ ಕಪ್ಪು. ಮನೆಯಲ್ಲಿ ಯಾರಿಗಾದರೂ ಇತ್ತೇ, ಮಕ್ಕಳು ಎಷ್ಟು, ಹಾಲು ಕುಡಿಸಿದ್ದಿರಾ ಎಂದೆಲ್ಲ ಕೇಳಿ, ಬರೆದುಕೊಳ್ಳುವುದನ್ನು ನಿಲ್ಲಿಸಿ, "ನಿದ್ದೆ ಹೇಗಿದೆ?" ಎಂದರು.

ಅಷ್ಟು ವರ್ಷಗಳಲ್ಲಿ ನನಗೆ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯರು ಅವರು. ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. ಕೊನೆಗೆ ಕೇಳಿಯೇಬಿಟ್ಟೆ. "ಇದರಿಂದಲೇ ಬಂತಾ ಮೇಡಂ?"

"ಹೌದು ಅಂತ ನಾನು ಹೇಳೋಕಾಗಲ್ಲ. ಒಬ್ಬರಿಗೆ ಯಾಕೆ ಬಂತು ಅಂತ ಬೆರಳಿಟ್ಟು ತೋರಿಸೋಕೆ ಯಾರಿಂದಲೂ ಆಗಲ್ಲ. ಆದರೆ ವರ್ಷಗಟ್ಟಲೆ ರಾತ್ರಿ ಕೆಲಸ ಮಾಡೋರಿಗೆ ಇದು ಹೆಚ್ಚು ಬರಬಹುದು ಅನ್ನೋ ಅನುಮಾನ ಇದೆ. ದೇಹಕ್ಕೆ ಕತ್ತಲು ಬೆಳಕಿನ ಲೆಕ್ಕ ಇರುತ್ತೆ. ಅದು ಕೆಡೋದು ಒಳ್ಳೇದಲ್ಲ ಅನ್ನೋದು ಮಾತ್ರ ಖಂಡಿತ."

"ಹಾಗಾದ್ರೆ ನಾನು ಯಾರನ್ನ ಬೈಲಿ?"

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಯಾರನ್ನ ಬೇಕಾದ್ರೂ ಬೈರಿ ಲೀಲಾವತಿ. ಹಗಲು ಹೊತ್ತು ಬೈರಿ. ರಾತ್ರಿ ಮಲಗಿ."

ನಕ್ಕೆ. ಆದರೆ ಬಸ್ಸಿನಲ್ಲಿ ಬರುವಾಗ ಸಿಟ್ಟು ಏರತೊಡಗಿತು. ಇದರಿಂದಲೇ ಎಂದು ಹೇಳಲು ಆಗದು, ಸರಿ. ಅದು ಅವರ ಪ್ರಾಮಾಣಿಕತೆ. ಆದರೆ ಆ 'ಹೇಳಲು ಆಗದು' ಎಷ್ಟು ಜನರನ್ನು ಕಾಪಾಡುತ್ತದೆ ನೋಡಿ. ಬೀಡಿ ಸೇದಿದವನಿಗೆ ಬೀಡಿಯ ಕಟ್ಟು ತೋರಿಸಬಹುದು. ನನ್ನ ನಿದ್ದೆ ಕದ್ದವರು ಯಾರ ಮುಂದೆ ನಿಲ್ಲಬೇಕು? ಸಾಕ್ಷಿಯಿಲ್ಲದ ಕಳವು ಅದು. ಊರವರು ಮಾತ್ರ ಕಾರಣ ಹುಡುಕಲು ತಡಮಾಡಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಿಂದದ್ದಕ್ಕೆ ಬಂತು, ಮಗಳಿಗೆ ಬೇಗ ಹಾಲು ಬಿಡಿಸಿದ್ದಕ್ಕೆ ಬಂತು, ಮನೆದೇವರಿಗೆ ಹರಕೆ ತೀರಿಸದಿದ್ದದ್ದಕ್ಕೆ ಬಂತು. "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಒಬ್ಬರು ನನ್ನ ಮಂಚದ ಮೇಲೇ ಕೂತು ಹೇಳಿಹೋದರು. ಎಲ್ಲ ಕಾರಣಗಳೂ ನನ್ನ ಮೈಗೇ ಬಂದು ನಿಲ್ಲುತ್ತಿದ್ದವು.

ಆಪರೇಷನ್ ಆಯಿತು. ಎಡ ಎದೆ ಹೋಯಿತು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಅದು ನನ್ನದು. ಕೀಮೋ ಶುರುವಾಯಿತು. ಮೊದಲನೆಯದು ಹಾಕಿಸಿಕೊಂಡು ಮನೆಗೆ ಬಂದಾಗ ಅಂಗಳದಲ್ಲಿ ದನದ ಕೊಟ್ಟಿಗೆಯ ಪಕ್ಕದ ಜಗುಲಿಯ ಮೇಲೆ ನನ್ನ ಮಂಚ ಇತ್ತು. ಹಾಸಿಗೆ ಹಾಸಿ, ನೀರಿನ ಚೊಂಬು ಇಟ್ಟು, ಎಲ್ಲ ಅಚ್ಚುಕಟ್ಟು.

"ಇದ್ಯಾಕೆ ಇಲ್ಲಿ?" ಎಂದೆ.

ಅತ್ತೆ ನನ್ನ ಮುಖ ನೋಡಲಿಲ್ಲ. "ಹೊಸ ಹುಳ ಬಂದವೆ ಕಣವ್ವ. ನಿನ್ ಮೈಯೆಲ್ಲ ಔಸ್ದಿ ವಾಸ್ನೆ. ಹುಳಕ್ಕಾಗಕಿಲ್ಲ. ಇನ್ನೇನ್ ಜ್ವರಕ್ ಕೂತ್ಕತವೆ."

ನಾನು ಜಗುಲಿಯ ಮೇಲೆ ಕೂತೆ. ವಾಂತಿಯಾಯಿತು. ಹುಳಕ್ಕೆ ಔಷಧಿಯ ವಾಸನೆ ಆಗುವುದಿಲ್ಲ ಎನ್ನುವುದು ಸುಳ್ಳಲ್ಲ, ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೂ ತಟ್ಟೆಗಟ್ಟಲೆ ಸಾಯುತ್ತವೆ. ಹಾಗಾಗಿ ಜಗಳಕ್ಕೂ ದಾರಿಯಿರಲಿಲ್ಲ. ಆದರೆ ಒಂದು ಮನೆಯಲ್ಲಿ ಒಂದೇ ಒಂದು ಕತ್ತಲ ಕೋಣೆ ಇದ್ದು, ಅದು ಯಾರಿಗೆ ಎಂದು ತೀರ್ಮಾನಿಸುವಾಗ ಯಾರಿಗೂ ಒಂದು ನಿಮಿಷ ಯೋಚಿಸಬೇಕೆನಿಸಲಿಲ್ಲವಲ್ಲ, ಅದು ನನ್ನನ್ನು ಗಂಟಿಗಿಂತ ಹೆಚ್ಚು ಕೊರೆಯಿತು.

ವಿಚಿತ್ರವೆಂದರೆ ಆಗ ರಾತ್ರಿಗಳು ನನ್ನವೇ ಆಗಿದ್ದವು. ಡ್ಯೂಟಿ ಇರಲಿಲ್ಲ. ಮಲಗಬಹುದಿತ್ತು. ನಿದ್ದೆ ಬರಲಿಲ್ಲ. ಮೈಗೆ ರಾತ್ರಿ ಎಂದರೇನೆಂದು ಮರೆತುಹೋಗಿತ್ತು. ಕತ್ತಲಾದ ಕೂಡಲೇ ಯಾರೋ ಬೆಲ್ ಒತ್ತುತ್ತಾರೆ ಎಂಬಂತೆ ಕಿವಿ ನೆಟ್ಟಗಾಗುತ್ತಿತ್ತು. ಬೆಳಗಾದ ಮೇಲೆ ಕಣ್ಣು ಎಳೆಯುತ್ತಿತ್ತು, ಆಗ ಅಂಗಳಕ್ಕೆ ಊರೆಲ್ಲ ಬರುತ್ತಿತ್ತು. ಕೂದಲು ಹೋದದ್ದಕ್ಕೆ ನಾನು ಅಳಲಿಲ್ಲ. ನಿದ್ದೆಗಾಗಿ ಅತ್ತಿದ್ದೇನೆ, ಚಿಕ್ಕ ಮಗು ಅತ್ತ ಹಾಗೆ.

ಮೂರನೆಯ ಕೀಮೋಗೆ ಹೋದ ದಿನ ಕಾಯುವ ಹಾಲ್ ಸಂತೆಯಂತಿತ್ತು. ಬುತ್ತಿ ಬಿಚ್ಚಿದವರು, ಅಳುವ ಮಗುವನ್ನು ಸಂತೈಸುವವರು, ಟೋಕನ್ ಕೂಗುವವರು. ಯಜಮಾನರು ಔಷಧಿಯ ಸಾಲಿನಲ್ಲಿ ನಿಂತಿದ್ದರು. ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದರು, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿದ್ದರು, ದನಿ ಗೊರಗೊರ. "ಕೆಂಪಾಪುರದೋಳು ಕಣವ್ವ, ಮಾಗಡಿ ತಾವ" ಎಂದು ತಾವಾಗಿಯೇ ಹೇಳಿಕೊಂಡರು. ನಾನು ಕೂತಲ್ಲೇ ತೂಕಡಿಸಿ ತೂಕಡಿಸಿ ಅವರ ಭುಜಕ್ಕೆ ಬಿದ್ದಿರಬೇಕು.

"ನಿದ್ದೆಗೆಟ್ಟಿದ್ದೀಯ ಮಗ?"

"ಹೂಂ ಅಜ್ಜಿ. ಎಷ್ಟೋ ವರ್ಷದಿಂದ."

"ಬಾ ಇಲ್ಲಿ." ಅವರು ತೊಡೆಯ ಮೇಲಿದ್ದ ಚೀಲವನ್ನು ಕೆಳಗಿಟ್ಟರು. "ಮಲೀಕೋ. ನಂಬರ್ ಕೂಗುದ್ರೆ ಎಬ್ಬುಸ್ತೀನಿ."

ನಾಚಿಕೆ ಮಾಡಿಕೊಳ್ಳುವ ಶಕ್ತಿ ನನ್ನಲ್ಲಿ ಇರಲಿಲ್ಲ. ಪರಿಚಯವಿಲ್ಲದ ಮುದುಕಿಯ ತೊಡೆಯ ಮೇಲೆ ತಲೆಯಿಟ್ಟೆ. ಅವರು ಸೆರಗಿನ ತುದಿಯನ್ನು ನನ್ನ ಕಣ್ಣ ಮೇಲೆ ಎಳೆದರು. ಹೊಗೆಯ ವಾಸನೆ, ಹುಣಸೆಹಣ್ಣಿನ ವಾಸನೆ. ಅಷ್ಟೇ ನೆನಪು.

ಎದ್ದಾಗ ಹಾಲ್ ಅರ್ಧ ಖಾಲಿಯಾಗಿತ್ತು. ಯಜಮಾನರು ಇನ್ನೂ ಔಷಧಿಯ ಸಾಲಿನಲ್ಲೇ ಇದ್ದರು. ನನ್ನ ನಂಬರು ಯಾವಾಗಲೋ ದಾಟಿಹೋಗಿತ್ತು. ನನಗೆ ಮೈಮೇಲೆ ಬಂದಂತಾಯಿತು. "ಎಬ್ಬಿಸ್ತೀನಿ ಅಂದ್ರಲ್ಲ ಅಜ್ಜಿ! ಕೂಗಲಿಲ್ವಾ?"

"ಕೂಗುದ್ರು ಕಣವ್ವ, ಎಲ್ಡ್ ಸಲ." ಒಂದಿಷ್ಟೂ ತಪ್ಪು ಮಾಡಿದ ಮುಖವಿಲ್ಲ. "ಬಾಯ್ ಬುಟ್ಕಂಡ್ ಮಲ್ಗಿದ್ದೆ. ಹಂಗ್ ಮಲ್ಗಿರೋರ್ನ ಎಬ್ಬುಸ್ಬಾರ್ದು. ಆ ನರ್ಸಮ್ಮಂಗೆ ಹೇಳಿವ್ನಿ, ಕೊನೇಲಿ ನೋಡ್ತಾರಂತೆ. ಔಸ್ದಿ ಎಲ್ಲೂ ಓಡೋಗಕಿಲ್ಲ."

"ನಿಮ್ಮ ನಂಬರು?"

"ಅದೂ ಹೋಯ್ತು. ಎದ್ರೆ ನಿನ್ ತಲೆ ಅಲುಗ್ತದಲ್ಲ."

ಕೋಪ ಅಳುವಾಯಿತು. ಚಿಂತೆ ಇಲ್ಲದವರಿಗೆ ಸಂತೆಯಲ್ಲೂ ನಿದ್ದೆ ಎಂದವರನ್ನೆಲ್ಲ ತಂದು ಅಲ್ಲಿ ನಿಲ್ಲಿಸಬೇಕು ಅನಿಸಿತು. ನನ್ನಷ್ಟು ಚಿಂತೆ ಹೊತ್ತವಳು ಆ ಸಂತೆಯಲ್ಲಿ ಇನ್ನೊಬ್ಬಳು ಇರಲಿಲ್ಲ. ಆದರೂ ಮಲಗಿದೆ, ಏಕೆಂದರೆ ಒಬ್ಬರು ಕಾಯುತ್ತಿದ್ದರು. ನಿದ್ದೆಗೆ ಬೇಕಾದದ್ದು ಅಷ್ಟೇ. ಆ ಅಜ್ಜಿಯನ್ನು ಮತ್ತೆ ನೋಡಲಿಲ್ಲ. ಆಮೇಲೆ ಪ್ರತಿ ಸಲ ಹೋದಾಗಲೂ ಬಿಳಿ ಬಟ್ಟೆ ಸುತ್ತಿದ ಕುತ್ತಿಗೆಗಳನ್ನು ಹುಡುಕಿದ್ದೇನೆ.

ಚಿಕಿತ್ಸೆ ಮುಗಿಯಿತು. ಕೂದಲು ಕುರುಚಲಾಗಿ ಬಂತು. ನರ್ಸಿಂಗ್ ಹೋಮಿನಿಂದ ಕರೆ ಬಂದಾಗ ಹೋದೆ. ದೊಡ್ಡ ಡಾಕ್ಟರು ಹಣ್ಣಿನ ರಸ ತರಿಸಿ ಕೊಟ್ಟರು, ಧೈರ್ಯವಂತೆ ಎಂದು ಹೊಗಳಿದರು, ಕೊನೆಗೆ "ನಿಮ್ಮ ನೈಟ್ ಹಾಗೇ ಇಟ್ಟಿದ್ದೀನಿ" ಎಂದರು. ಉಡುಗೊರೆ ಕೊಡುವವರ ಹಾಗೆ.

"ನನಗೆ ಹಗಲು ಕೊಡಿ ಸಾರ್. ಡಾಕ್ಟರು ರಾತ್ರಿ ಮಲಗು ಅಂದಿದ್ದಾರೆ."

"ಅದಕ್ಕೂ ಇದಕ್ಕೂ ಏನು ಸಂಬಂಧ ಲೀಲಾವತಿ? ನೀವು ಓದಿದವರು. ಹಾಗಿದ್ದಿದ್ರೆ ವಾಚ್‌ಮನ್‌ಗಳಿಗೆಲ್ಲ ಕ್ಯಾನ್ಸರ್ ಬರಬೇಕಿತ್ತು."

"ಬಂತೋ ಇಲ್ವೋ ಅಂತ ಯಾರಾದ್ರೂ ಹೋಗಿ ಕೇಳಿದ್ದೀರಾ ಸಾರ್?" ಎಂದೆ. ಅವರ ನಗು ನಿಂತಿತು. ರಸದ ಲೋಟವನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ. ಈಗ ಚನ್ನಪಟ್ಟಣದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಹಗಲು ಕೆಲಸ ಮಾಡುತ್ತೇನೆ. ಗಾಯಕ್ಕೆ ಬಟ್ಟೆ ಕಟ್ಟುವಾಗ ಎಲ್ಲರನ್ನೂ ಕೇಳುತ್ತೇನೆ, ನಿದ್ದೆ ಹೇಗಿದೆ ಎಂದು. ಶಿಫ್ಟಿನ ಹುಡುಗರು ಮೊದಲು ನಗುತ್ತಾರೆ, ಆಮೇಲೆ ಹೇಳತೊಡಗಿದರೆ ನಿಲ್ಲಿಸುವುದಿಲ್ಲ.

ಆದರೆ ಲೋಟ ಬಿಟ್ಟು ಬಂದ ದಿನದ ಸಿಟ್ಟು ಬಸ್ಸಿಳಿದರೂ ಇಳಿದಿರಲಿಲ್ಲ. ಮನೆಗೆ ಬಂದಾಗ ಒಂದು ಬೆಳೆ ಮುಗಿದು, ಮುಂದಿನದಕ್ಕೆಂದು ಹುಳದ ಮನೆಯನ್ನು ತೊಳೆದು ಸುಣ್ಣ ಬಳಿದಿದ್ದರು. ತಂಪು, ಕತ್ತಲು, ಖಾಲಿ. ನಾನು ಯಾರನ್ನೂ ಕೇಳಲಿಲ್ಲ. ಜಗುಲಿಯಿಂದ ಮಂಚ ಎಳೆದುಕೊಂಡು ಹೋಗಿ ಒಳಗೆ ಹಾಕಿದೆ. ಮಂಚದ ಕಾಲು ಗೀಚಿದ ಸದ್ದಿಗೆ ಅತ್ತೆ ಓಡಿ ಬಂದರು.

"ಏನವ್ವ ಇದು? ನಾಳಿದ್ದು ಹುಳ ಬತ್ತವೆ!"

"ಬರ್ಲಿ ಅತ್ತೆ. ಪಡಸಾಲೇಲಿ ಇಡಿ. ನಾನು ಇಲ್ಲಿ ಮಲಗ್ತೀನಿ."

"ನಿದ್ದೆ ನಿದ್ದೆ ನಿದ್ದೆ! ಲೋಕ್ದಲ್ಲಿ ನೀನೊಬ್ಳೇನಾ ನಿದ್ದೆಗೆಟ್ಟೋಳು?" ಅತ್ತೆಯ ದನಿ ಒಡೆಯಿತು. "ಈ ಮನೇಗ್ ಬಂದ್ ದಿನದಿಂದ ಸರೊತ್ನಲ್ಲಿ ಎದ್ದು ಹುಳಕ್ಕೆ ಸೊಪ್ಪಾಕೋಳು ಯಾರು? ನಿನ್ ಗಂಡ್ನಾ? ನಿಮ್ಮಾವ್ನಾ? ನಾನ್ಯಾವತ್ ಮಲ್ಗಿವ್ನಿ ಹೇಳು. ನಂಗೇನ್ ರೋಗ ಬಂದ್ಬುಡ್ತಾ?"

"ನಿಮಗೆ ಬರ್ಲಿಲ್ಲ. ನಂಗೆ ಬಂತು" ಎಂದೆ. "ಬರೋವರ್ಗೂ ಕಾಯ್ಬೇಕಾ ಅತ್ತೆ?"

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಸೊಪ್ಪಿನ ಹಸಿರು ಉಗುರಿನೊಳಗೆ ಇಳಿದು ಕಪ್ಪಾಗಿದ್ದ ಬೆರಳುಗಳು. ವರ್ಷಗಟ್ಟಲೆ ನಾನು ರಾತ್ರಿ ಮನೆಯಲ್ಲಿ ಇರುತ್ತಲೇ ಇರಲಿಲ್ಲ, ಆಮೇಲೆ ಇದ್ದದ್ದೂ ಹೊರಗೆ ಜಗುಲಿಯಲ್ಲಿ, ಒಳಗೆ ಅವರು ಏಳುವುದನ್ನು ನಾನು ಗಮನಿಸಿರಲೇ ಇಲ್ಲ. ಅತ್ತೆ ಪೊರಕೆ ತೆಗೆದುಕೊಂಡು ಪಡಸಾಲೆಯ ಕಡೆ ಹೋದರು.

ಹುಳ ಪಡಸಾಲೆಗೆ ಬಂದವು. ಬಂದ ಮರುದಿನವೇ ಯಜಮಾನರು ಏಣಿ ಹತ್ತಿ ಪಡಸಾಲೆಯ ಕಿಟಕಿಗಳಿಗೆಲ್ಲ ಗೋಣಿಚೀಲದ ಪರದೆ ಕಟ್ಟಿದರು. ಬೆಳಕು ಬಿದ್ದರೆ ಹುಳಕ್ಕೆ ಆಗುವುದಿಲ್ಲವಂತೆ. ನಾನು ವರ್ಷಗಟ್ಟಲೆ ಬೇಡಿದ ಪರದೆ ಅದು. ಏಣಿಯ ಕೆಳಗೆ ನಿಂತು ನೋಡಿದೆ. ಅವರು ಕೆಳಗೆ ನೋಡಿದರು, ಏನೋ ಹೊಳೆದಿರಬೇಕು, ಮುಖ ತಿರುಗಿಸಿಕೊಂಡರು. ನಾನು ಬೈಯಲಿಲ್ಲ. ಕೆಲವು ಬೈಗುಳ ಬಾಯಿಗೆ ತಂದರೆ ಹಗುರಾಗುತ್ತವೆ.

ಹುಳ ನಾಲ್ಕನೇ ಜ್ವರದಿಂದ ಎದ್ದ ಮೇಲೆ, ಕ್ಲಿನಿಕ್ಕಿಗೆ ರಜೆಯಿದ್ದ ಒಂದು ಮಧ್ಯಾಹ್ನ, ನಾನು ಒಳಗೆ ಬಟ್ಟೆ ಮಡಿಸುತ್ತಿದ್ದೆ. ಅತ್ತೆ ಬಂದರು. ಕಂಕುಳಲ್ಲಿ ಚಾಪೆ. ನನ್ನ ಕಡೆ ನೋಡಲಿಲ್ಲ. ಗೋಡೆಯ ಪಕ್ಕ ಚಾಪೆ ಬಿಚ್ಚಿ, ನನಗೆ ಬೆನ್ನು ಮಾಡಿ ಮಲಗಿದರು. ನಾನು ಎದ್ದು ಬಾಗಿಲು ಮುಂದಕ್ಕೆಳೆದೆ. ಸ್ವಲ್ಪ ಹೊತ್ತಿಗೆಲ್ಲ ಗೊರಕೆ ಶುರುವಾಯಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ನಮ್ಮತ್ತೆ ಗೊರಕೆ ಹೊಡೆಯುತ್ತಾರೆ ಎಂದು ನನಗೆ ಅವತ್ತೇ ತಿಳಿದದ್ದು.

ಹೊರಗೆ ಯಜಮಾನರ ಕೂಗು ಕೇಳಿಸಿತು. "ಅವ್ವೋ! ಅವ್ವೋ!" ಎದ್ದುಹೋಗಿ ಬಾಗಿಲಲ್ಲಿ ಅಡ್ಡ ನಿಂತೆ.

"ಮೆಲ್ಲಗೆ" ಎಂದೆ.

"ಅವ್ವ ಎಲ್ಲಿ? ಹುಳಕ್ ಸೊಪ್ಪಾಕೋ ಹೊತ್ತಾಯ್ತು."

"ಮಲಗಿದ್ದಾರೆ."

"ಈ ಹೊತ್ನಲ್ಲಿ? ಅವ್ವನಾ?" ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು. ಕತ್ತಲಲ್ಲಿ ಗೊರಕೆ ಮಾತ್ರ ಇತ್ತು. "ಒಸಿ ಎಬ್ಬುಸಮ್ಮಿ. ಹುಳ ಹಸ್ಕಂಡವೆ."

"ಎಬ್ಬಿಸಲ್ಲ. ಸೊಪ್ಪು ನೀವು ಹಾಕಿ."

ಅವರು ನನ್ನನ್ನು ನೋಡಿದರು, ಪಡಸಾಲೆಯ ಕಡೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಸೊಪ್ಪಿನ ಬುಟ್ಟಿ ಹೊಸಿಲ ಹತ್ತಿರವೇ ಇತ್ತು. ಅವರು ಬಗ್ಗಿ ಅದನ್ನು ಎತ್ತಿಕೊಳ್ಳುವವರೆಗೂ ನಾನು ಬಾಗಿಲು ಬಿಟ್ಟು ಕದಲಲಿಲ್ಲ.